ಕಲಬುರಗಿಯಲ್ಲಿ ಕೂತು ಕಾರವಾರದ ಕೊಲ್ಲಿಯ ಮಾಡೆಲ್ ಕಟ್ಟುವುದು ಹೇಗೆ?

ನನ್ನ ಅಕ್ಕನ ಮಗ ಇಲ್ಲೇ ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪ್ ಮೇಲೆ ಕಾರವಾರದ ನೀರು ಒಳಗೆ ಬಂದು ಹೊರಗೆ ಹೋಗುವುದನ್ನು ನೋಡುತ್ತಾ ನಿಂತಿದ್ದವನು ಕೇಳಿದ: "ಮಾಮಾ, ಹೊರಗ ನಲವತ್ತೆರಡು ಡಿಗ್ರಿ ಬಿಸಿಲದ. ಸಮುದ್ರ ಇಲ್ಲದ ಊರಾಗ ಕೂತು ಸಮುದ್ರದ ಲೆಕ್ಕ ಹೆಂಗ ಮಾಡ್ತೀರಿ?"

"ದೇಶಕ್ಕೆಲ್ಲ ಸಮುದ್ರದ ಮುನ್ಸೂಚನೆ ಕೊಡೋ ಇನ್‌ಕಾಯಿಸ್ ಎಲ್ಲದ ಹೇಳು ನೋಡೋಣ" ಅಂದೆ. ಅವನಿಗೆ ಗೊತ್ತಿರಲಿಲ್ಲ. ಹೈದರಾಬಾದ್‌ನಲ್ಲಿದೆ. ಅಲ್ಲೂ ಸಮುದ್ರ ಇಲ್ಲ, ಆದರೂ ಸುನಾಮಿ ಎಚ್ಚರಿಕೆ ಅಲ್ಲಿಂದಲೇ ಹೊರಡುತ್ತದೆ.

ಈ ಬರಹ ಅವನಿಗೂ, ಅವನಂಥವರಿಗೂ. ಕೊಲ್ಲಿಯ ನೀರು ಹೇಗೆ ಹರಿಯುತ್ತದೆ, ಅದರಲ್ಲಿ ಬಿದ್ದ ಕೊಳೆ ಎಲ್ಲಿಗೆ ಹೋಗುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದಕ್ಕೇ ಇಲ್ಲಿ ಮಾಡೆಲ್ ಅನ್ನುತ್ತೇನೆ. ಹೈಡ್ರಾಲಿಕ್ಸ್ ಸ್ವಲ್ಪ ಓದಿರಬೇಕು, ಒಂದು ಸಾಧಾರಣ ಲ್ಯಾಪ್‌ಟಾಪ್ ಇರಬೇಕು, ತಾಳ್ಮೆ ಬೇಕು. ಸಮುದ್ರ ನೋಡಿದ್ದರೆ ಒಳ್ಳೆಯದು, ನೋಡದಿದ್ದರೂ ಶುರು ಮಾಡಬಹುದು.

ಶುರುವಿಗೆ ಒಂದು ಮಾತು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿದೆ. ಆಗ ಅಫಜಲಪುರದವರು, ಜೇವರ್ಗಿಯವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಉಜನಿಯಿಂದ ಎಷ್ಟು ನೀರು ಬಿಟ್ಟರು? ನಮ್ಮೂರಿನ ಮಳೆ ಎಷ್ಟು ಅನ್ನುವುದು ಆಮೇಲಿನ ಮಾತು. ಮಹಾರಾಷ್ಟ್ರದ ಗಡಿಯಿಂದ ಏನು ಒಳಗೆ ಬರುತ್ತದೆ ಅನ್ನುವುದೇ ಇಲ್ಲಿಯ ನೀರಿನ ಮಟ್ಟ ನಿರ್ಧರಿಸುತ್ತದೆ. ಕೊಲ್ಲಿಯ ಮಾಡೆಲ್ ಕೂಡ ಹಾಗೇ. ಒಳಗಿನ ಸಮೀಕರಣಗಳನ್ನು ಬೇರೆಯವರು ಬರೆದು, ಪರೀಕ್ಷೆ ಮಾಡಿ ಕೊಟ್ಟಿದ್ದಾರೆ, ಅವು ಸಾಮಾನ್ಯವಾಗಿ ಕೈ ಕೊಡುವುದಿಲ್ಲ. ಕೈ ಕೊಡುವುದು ಗಡಿ, ಅಂದರೆ ಮಾಡೆಲ್‌ನ ಅಂಚಿನಲ್ಲಿ ಹೊರಗಿಂದ ಏನು ಬರುತ್ತದೆ ಅಂತ ನಾವು ಕೊಡುವ ಅಂಕಿ. ನಾನು ಮಾಡಿದ ದೊಡ್ಡ ತಪ್ಪುಗಳೆಲ್ಲ ಗಡಿಯಲ್ಲೇ ಆಗಿವೆ, ಕೆಳಗೆ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಕೊಲ್ಲಿಯ ಮಾಡೆಲ್ ಮಾಡಬೇಕು" ಅನ್ನುವುದು ಪ್ರಶ್ನೆಯೇ ಅಲ್ಲ. "ಈ ಚರಂಡಿ ನೀರು ಬೇಸಿಗೆಯಲ್ಲಿ ಸ್ನಾನದ ಬೀಚಿಗೆ ತಲುಪುತ್ತದಾ?" ಅನ್ನುವುದು ಪ್ರಶ್ನೆ. ಅದನ್ನು ಬರೆದು ಗೋಡೆಗೆ ಅಂಟಿಸಿ. ಗ್ರಿಡ್ (ಲೆಕ್ಕಕ್ಕೆ ನೀರನ್ನು ಭಾಗ ಮಾಡುವ ಚೌಕಗಳು) ಎಷ್ಟು ಸಣ್ಣದಿರಬೇಕು, ಎಷ್ಟು ದಿನ ಓಡಿಸಬೇಕು, 2ಡಿ (ಆಳದ ಸರಾಸರಿ) ಸಾಕೋ 3ಡಿ (ಆಳವೂ ಪದರ ಪದರವಾಗಿ) ಬೇಕೋ, ಎಲ್ಲ ಅದರಿಂದಲೇ ಬರುತ್ತವೆ.

ಹೆಜ್ಜೆ 2: ಕಂಪ್ಯೂಟರ್ ಮುಚ್ಚಿ, ಕಾಗದ ತೆಗೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಲೇಬೇಕಾದದ್ದು ಇದೇ. ಅರ್ಧ ಗಂಟೆ ಸಾಕು.

ಲೆಕ್ಕಕ್ಕೆ ಒಂದು ಕೊಲ್ಲಿ ಹಿಡಿಯೋಣ. ಇದು ಕಾರವಾರದ್ದಲ್ಲ, ಸುಮ್ನೆ ಕೈ ಪಳಗಿಸಲು. ಉದ್ದ 4 ಕಿಲೋಮೀಟರ್, ಅಗಲ 3, ನೀರು ಪೂರ್ತಿ ಏರಿದಾಗ ಸರಾಸರಿ ಆಳ 6 ಮೀಟರ್. ಒಟ್ಟು ನೀರು 7.2 ಕೋಟಿ ಘನ ಮೀಟರ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸುಮಾರು ಎರಡೂವರೆ ಟಿಎಂಸಿ. ಸರಾಸರಿ ಏರಿಳಿತ 1.2 ಮೀಟರ್ ಅಂದುಕೊಳ್ಳಿ. ಹಾಗಾದರೆ ಪ್ರತಿ ಸಲ ಹೊರಗೆ ಹೋಗಿ ಒಳಗೆ ಬರುವ ನೀರು 1.44 ಕೋಟಿ ಘನ ಮೀಟರ್, ಅಂದರೆ ಒಟ್ಟಿನ ಐದನೇ ಒಂದು ಭಾಗ.

ಚಂದ್ರನಿಂದ ಬರುವ ಮುಖ್ಯ ಉಬ್ಬರದ ಒಂದು ಸುತ್ತಿಗೆ 12.42 ಗಂಟೆ. ಹೊರಗೆ ಹೋದ ನೀರು ಮರಳಿ ಬರುವುದೇ ಇಲ್ಲ ಅಂದರೆ ಐದು ಸುತ್ತಿನಲ್ಲಿ, 62 ಗಂಟೆಯಲ್ಲಿ, ಕೊಲ್ಲಿಯ ನೀರು ಬದಲಾಗುತ್ತದೆ. ಆದರೆ ಹೋದ ನೀರಲ್ಲಿ ಒಂದಷ್ಟು ಬಾಗಿಲ ಹತ್ತಿರವೇ ನಿಂತು, ಮುಂದಿನ ಉಬ್ಬರಕ್ಕೆ ಮತ್ತೆ ಒಳಗೆ ಬರುತ್ತದೆ. ಅರ್ಧ ಮರಳುತ್ತದೆ ಅಂತ ಹಿಡಿದರೆ ಐದು ದಿನ ಬೇಕು. ಈ "ಎರಡೂವರೆಯಿಂದ ಐದು ದಿನ" ಅನ್ನುವ ಸಂಖ್ಯೆ ತಲೆಯಲ್ಲಿ ಇಟ್ಟುಕೊಳ್ಳಿ. ನಾಳೆ ಮಾಡೆಲ್ ನಲವತ್ತು ದಿನ ಅಂತ ಹೇಳಿದರೆ ಎಲ್ಲೋ ಏನೋ ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಈಗ ನದಿ. ಪತ್ರಿಕೆಯಲ್ಲಿ ಡ್ಯಾಂ ಸುದ್ದಿ ಯಾವಾಗಲೂ ಕ್ಯೂಸೆಕ್‌ನಲ್ಲೇ ಬರುತ್ತದೆ. ಮಾಡೆಲ್‌ಗೆ ಬೇಕಾದದ್ದು ಸೆಕೆಂಡಿಗೆ ಘನ ಮೀಟರ್. 35.3ರಿಂದ ಭಾಗಿಸಿ. ಹತ್ತು ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 283 ಘನ ಮೀಟರ್. ನಾರಾಯಣಪುರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ಬಿಡುವುದನ್ನು ಕೇಳಿದ ಯಾದಗಿರಿಯವರಿಗೆ ಇದು ಏನೂ ಅಲ್ಲ ಅನಿಸಬಹುದು. ಆದರೆ ಒಂದು ಉಬ್ಬರದ ಸುತ್ತಿನಲ್ಲಿ ಅದು ತಂದು ಹಾಕುವ ನೀರು 1.27 ಕೋಟಿ ಘನ ಮೀಟರ್. ಮೇಲಿನ 1.44 ಕೋಟಿ ಜೊತೆ ಇಟ್ಟು ನೋಡಿ. ಮಳೆಗಾಲದಲ್ಲಿ ನದಿ ಸಮುದ್ರಕ್ಕೆ ಸರಿಸಮ ನಿಲ್ಲುತ್ತದೆ! ಬೇಸಿಗೆಯಲ್ಲಿ 500 ಕ್ಯೂಸೆಕ್ ಅಂದರೆ ಅದು ಆರು ಲಕ್ಷ ಚಿಲ್ಲರೆ ಘನ ಮೀಟರ್, ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿಗೆ ಒಂದು ವಿಷಯ ಸ್ಪಷ್ಟ: ಇದು ಒಂದು ಕೊಲ್ಲಿ ಅಲ್ಲ, ಬೇಸಿಗೆಯ ಕೊಲ್ಲಿ ಬೇರೆ, ಮಳೆಗಾಲದ ಕೊಲ್ಲಿ ಬೇರೆ.

ಕೊಳಚೆ ನೀರಿನ ಲೆಕ್ಕವನ್ನೂ ಈಗಲೇ ಮುಗಿಸಿ. ತಲೆಗೆ ದಿನಕ್ಕೆ 135 ಲೀಟರ್ ಪೂರೈಕೆ, ಅದರಲ್ಲಿ ಶೇಕಡ 80 ಚರಂಡಿಗೆ. 50 ಸಾವಿರ ಜನರ ಊರಿಗೆ ದಿನಕ್ಕೆ 54 ಲಕ್ಷ ಲೀಟರ್. ಶುದ್ಧೀಕರಿಸದ ನೀರಿನ ಬಿಒಡಿ (ಕೊಳೆ ಕರಗುವಾಗ ತಿನ್ನುವ ಆಮ್ಲಜನಕದ ಅಳತೆ) ಲೀಟರಿಗೆ 250 ಮಿಲಿಗ್ರಾಂ ಅಂದರೆ ದಿನಕ್ಕೆ 1,350 ಕಿಲೋ ಹೊರೆ. ಐದು ದಿನದಲ್ಲಿ ನೀರು ಬದಲಾಗುವ, 28 ಡಿಗ್ರಿಯ ಕೊಲ್ಲಿಯಲ್ಲಿ ಇದು ಪೂರ್ತಿ ಕಲೆತರೆ, ಆ ಬಿಸಿಗೆ ಕರಗಿಹೋಗುವುದನ್ನೂ (ದರ ಹೆಜ್ಜೆ 9ರಲ್ಲಿದೆ) ಕಳೆದು ಸಿಗುವುದು ಲೀಟರಿಗೆ 0.035 ಮಿಲಿಗ್ರಾಂ. ಏನೂ ಇಲ್ಲ! ಹಾಗಾದರೆ ಮಾಡೆಲ್ ಯಾಕೆ? ಯಾಕೆಂದರೆ ಅದು ಪೂರ್ತಿ ಕಲೆಯುವುದಿಲ್ಲ. ಚರಂಡಿಯ ಬಾಯಿಂದ ದಡ ಹಿಡಿದು ಒಂದು ಕಪ್ಪು ಪಟ್ಟಿಯಾಗಿ ಹೋಗುತ್ತದೆ, ಆ ಪಟ್ಟಿ ಎಲ್ಲಿಗೆ ಹೋಗುತ್ತದೆ ಅನ್ನುವುದೇ ನಮ್ಮ ಪ್ರಶ್ನೆ. ಸರಾಸರಿಯಲ್ಲಿ ಆ ಪಟ್ಟಿ ಕಾಣುವುದೇ ಇಲ್ಲ.

ಹೆಜ್ಜೆ 3: ಸಾಫ್ಟ್‌ವೇರ್

ಇದರ ಬಗ್ಗೆ ಜನ ತಿಂಗಳುಗಟ್ಟಲೆ ಜಗಳ ಆಡುತ್ತಾರೆ. ಅಷ್ಟು ಬೇಕಿಲ್ಲ. ನೆದರ್‌ಲೆಂಡ್ಸ್‌ನ ಡೆಲ್ಟಾರೆಸ್ ಸಂಸ್ಥೆಯ ಡೆಲ್ಫ್ಟ್3ಡಿ, ಫ್ರಾನ್ಸ್‌ನಲ್ಲಿ ಹುಟ್ಟಿದ ಟೆಲಿಮ್ಯಾಕ್, ಅಮೆರಿಕದ ರಾಮ್ಸ್ ಮತ್ತು ಎಫ್‌ವಿಕಾಮ್, ಇವು ಯಾವುದಾದರೂ ಆದೀತು. ಡೆನ್ಮಾರ್ಕ್‌ನ ಮೈಕ್ ಕಾಸು ಕೇಳುತ್ತದೆ. ಡೆಲ್ಫ್ಟ್3ಡಿಯ ಹರಿವಿನ ಭಾಗದ ಕೋಡ್ 2011ರಿಂದ ಮುಕ್ತವಾಗಿ ಸಿಗುತ್ತಿದೆ. ಮೊದಲ ಸಲ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ, ಪರದೆ ಮೇಲೆ ಎಲ್ಲ ಕಾಣುತ್ತದೆ, ಜೊತೆಗೆ ನೀರಿನ ಗುಣಮಟ್ಟದ ಭಾಗ ಪ್ರತ್ಯೇಕವಾಗಿ ಸಿಗುತ್ತದೆ. ಕೆಳಗಿನ ಹೆಜ್ಜೆಗಳು ಯಾವುದಕ್ಕಾದರೂ ಹೊಂದುತ್ತವೆ.

ಹೆಜ್ಜೆ 4: ಮೊದಲು ಅಪ್ಪನ ಕೆರೆ, ಆಮೇಲೆ ಅರಬ್ಬಿ ಸಮುದ್ರ

ಹೊಸ ಸಾಫ್ಟ್‌ವೇರ್ ಹಾಕಿದ ದಿನವೇ ಸಮುದ್ರಕ್ಕೆ ಇಳಿಯಬೇಡಿ. ನಮ್ಮ ಕಲಬುರಗಿಯ ಅಪ್ಪನ ಕೆರೆಯಂಥದ್ದೊಂದು ಮುಚ್ಚಿದ ನೀರನ್ನು ಮಾಡಿ. ಅರ್ಧ ಕಿಲೋಮೀಟರ್ ಉದ್ದ, ಎರಡು ಮೀಟರ್ ಆಳ, ಸುತ್ತ ಗೋಡೆ, ಗಾಳಿ ಇಲ್ಲ, ನದಿ ಇಲ್ಲ. ಎರಡು ದಿನ ಓಡಿಸಿ. ನೀರು ಅಲ್ಲಾಡಬಾರದು. ಅಲ್ಲಾಡಿದರೆ ಎಲ್ಲೋ ತಪ್ಪಾಗಿದೆ.

ಆಮೇಲೆ ಸೆಕೆಂಡಿಗೆ 5 ಮೀಟರ್ ಗಾಳಿ ಒಂದೇ ದಿಕ್ಕಿಗೆ ಬೀಸಿ. ಒಂದು ದಡದಲ್ಲಿ ನೀರು ಏರಬೇಕು. ಎಷ್ಟು? ಗಾಳಿ ನೀರನ್ನು ಎಳೆಯುವ ಬಲ ಚದರ ಮೀಟರಿಗೆ ಸುಮಾರು 0.04 ನ್ಯೂಟನ್, ಅದನ್ನು ಉದ್ದದಿಂದ ಗುಣಿಸಿ, ನೀರಿನ ಸಾಂದ್ರತೆ, ಗುರುತ್ವ, ಆಳ ಮೂರರ ಗುಣಲಬ್ಧದಿಂದ ಭಾಗಿಸಿ. ಈ ದಡದಿಂದ ಆ ದಡಕ್ಕೆ ಒಂದು ಮಿಲಿಮೀಟರ್ ವ್ಯತ್ಯಾಸ. ಮಾಡೆಲ್ ಕೂಡ ಒಂದು ಮಿಲಿಮೀಟರ್ ಹೇಳಿದರೆ ಖುಷಿಪಡಿ. ಒಂದೆರಡು ಸೆಂಟಿಮೀಟರ್ ಹೇಳಿದರೆ ಗಾಳಿಯ ಘಟಕ ನೋಡಿ, ಗಂಟೆಗೆ ಕಿಲೋಮೀಟರ್‌ನಲ್ಲಿ ಕೊಟ್ಟಿರುತ್ತೀರಿ.

ಮೂರನೇ ಪರೀಕ್ಷೆ: ಕೆರೆ ತುಂಬ ಬಣ್ಣದ ಪ್ರಮಾಣ 1 ಅಂತ ಕೊಟ್ಟು ಗಾಳಿ ಬೀಸಿ ಓಡಿಸಿ. ಕೊನೆಗೂ ಎಲ್ಲ ಕಡೆ 1 ಇರಬೇಕು. 0.97, 1.04 ಅಂತ ಕಂಡರೆ ಮಾಡೆಲ್ ವಸ್ತುವನ್ನು ಹುಟ್ಟಿಸುತ್ತಿದೆ ಅಥವಾ ನುಂಗುತ್ತಿದೆ ಅಂತ ಅರ್ಥ. ಇದನ್ನು ಮುಂದೆ ಕೊಲ್ಲಿಯಲ್ಲೂ ಮಾಡಿ, ಅಲ್ಲಿ ಗಡಿಯಲ್ಲೂ, ನದಿಯಲ್ಲೂ 1 ಕೊಡಿ.

ಹೆಜ್ಜೆ 5: ಆಳ ಮತ್ತು ಗ್ರಿಡ್

ಆಳದ ಮಾಹಿತಿಗೆ ಮೊದಲು ಎಲ್ಲರೂ ಹೋಗುವುದು ಗೆಬ್ಕೊ ನಕ್ಷೆಗೆ. ಪುಕ್ಕಟೆ ಸಿಗುತ್ತದೆ. ಆದರೆ ಅದರ ಒಂದು ಚೌಕ ಸುಮಾರು 450 ಮೀಟರ್. ಕಾರವಾರದ ಎದುರಿಗಿರುವ ಕೂರ್ಮಗಡದಂಥ ಸಣ್ಣ ದ್ವೀಪ ಅದರಲ್ಲಿ ಕರಗಿಹೋಗಬಹುದು, ಮತ್ತು ದಡದ ಹತ್ತಿರ ಅದು ಹೇಳುವ ಆಳವನ್ನು ನಂಬುವ ಹಾಗಿಲ್ಲ. ಹೊರಗಿನ ಸಮುದ್ರಕ್ಕೆ ಅದನ್ನು ಬಳಸಿ, ಕೊಲ್ಲಿಯ ಒಳಗೆ ಡೆಹ್ರಾಡೂನ್‌ನ ನೌಕಾ ಜಲಮಾಪನ ಕಚೇರಿ ಪ್ರಕಟಿಸುವ ನೌಕಾ ನಕ್ಷೆಗಳ ಅಂಕಿಗಳನ್ನು ಬಳಸಿ. ನಕ್ಷೆಯ ವರ್ಷ ನೋಡಿ. ಕಾರವಾರದ ದಕ್ಷಿಣಕ್ಕೆ ಅಂಜದೀವ್ ದ್ವೀಪವನ್ನು ಈಗ ಅಲೆತಡೆ ಕಟ್ಟಿ ದಡಕ್ಕೆ ಸೇರಿಸಿದ್ದಾರೆ. ಹಳೇ ನಕ್ಷೆಯಲ್ಲಿ ಅಲ್ಲಿ ನೀರು ಹರಿಯುತ್ತದೆ, ನಿಜದಲ್ಲಿ ಕಲ್ಲಿದೆ.

ಇಲ್ಲಿ ಒಂದು ಬಲೆ ಇದೆ. ನೌಕಾ ನಕ್ಷೆಯ ಆಳಗಳನ್ನು ಅಳೆಯುವುದು ತೀರಾ ಕೆಳಗಿನ ಇಳಿತದ ಮಟ್ಟದಿಂದ. ಹಡಗಿನವರಿಗೆ ಅದೇ ಸುರಕ್ಷಿತ. ಮಾಡೆಲ್‌ಗೆ ಸಾಮಾನ್ಯವಾಗಿ ಬೇಕಾದದ್ದು ಸರಾಸರಿ ಸಮುದ್ರ ಮಟ್ಟದಿಂದ. ಇವೆರಡರ ನಡುವೆ ಕಾರವಾರದ ಕಡೆ ಒಂದು ಮೀಟರಿನ ಆಸುಪಾಸು ವ್ಯತ್ಯಾಸ ಇರುತ್ತದೆ. ಸೇರಿಸಲು ಮರೆತರೆ ಆರು ಮೀಟರ್ ಕೊಲ್ಲಿ ಐದು ಮೀಟರ್ ಆಗುತ್ತದೆ, ಆರನೇ ಒಂದು ಪಾಲು ನೀರು ಸದ್ದಿಲ್ಲದೆ ಮಾಯ.

ಗ್ರಿಡ್ ಅಂದರೆ ನೀರಿನ ಮೇಲೆ ಹೊದಿಸಿದ ಬಲೆ, ಒಂದೊಂದು ಕಣ್ಣಿಗೆ ಒಂದೊಂದು ಲೆಕ್ಕ. 20 ಕಿಲೋಮೀಟರ್ ಉದ್ದ, 15 ಅಗಲದ ಜಾಗಕ್ಕೆ 50 ಮೀಟರ್ ಕಣ್ಣು ಹಾಕಿದರೆ 1.2 ಲಕ್ಷ ಕಣ್ಣು. ಆಳದಲ್ಲಿ 10 ಪದರ ಮಾಡಿದರೆ 12 ಲಕ್ಷ. 20 ಮೀಟರ್ ಆಳದಲ್ಲಿ ಉಬ್ಬರದ ಅಲೆ ಓಡುವ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಮೂರೂವರೆ ಸೆಕೆಂಡಿನಲ್ಲಿ ಒಂದು ಕಣ್ಣು ದಾಟುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಟೈಮ್ ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರುವ ಸಮಯ) ಅದಕ್ಕಿಂತ ಚಿಕ್ಕದೇ ಇರಬೇಕು. ಡೆಲ್ಫ್ಟ್3ಡಿಯಂಥದ್ದರಲ್ಲಿ ಹತ್ತು ಪಟ್ಟಿನ ಹತ್ತಿರದವರೆಗೆ, 30 ಸೆಕೆಂಡ್, ಹೋಗಬಹುದು. ತಿಂಗಳ ಓಟಕ್ಕೆ 86,400 ಹೆಜ್ಜೆ.

ಆದ್ದರಿಂದ ಶುರುವಿಗೆ 100 ಮೀಟರ್ ಗ್ರಿಡ್ ಸಾಕು. ಕಣ್ಣುಗಳು ನಾಲ್ಕನೇ ಒಂದು, ಹೆಜ್ಜೆಗಳು ಅರ್ಧ, ಒಟ್ಟು ಕೆಲಸ ಎಂಟನೇ ಒಂದು ಪಾಲು. ತಪ್ಪುಗಳನ್ನೆಲ್ಲ ಈ ಅಗ್ಗದ ಗ್ರಿಡ್ ಮೇಲೆ ಮಾಡಿ ಮುಗಿಸಿ, ಆಮೇಲೆ ಸಣ್ಣದು ಹಾಕಿ.

2ಡಿಯೋ 3ಡಿಯೋ? ಬೇಸಿಗೆಯಲ್ಲಿ ಉಬ್ಬರವಿಳಿತ ನೀರನ್ನು ಮೇಲಿಂದ ಕೆಳಗೆ ಕಲಕುತ್ತಿದ್ದರೆ 2ಡಿ ಸಾಕು. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಉಪ್ಪುನೀರಿನ ಮೇಲೆ ಎಣ್ಣೆ ಹಾಗೆ ತೇಲುತ್ತದೆ. ಮೇಲಿನ ನೀರು ಹೊರಗೆ, ತಳದ ನೀರು ಒಳಗೆ. 2ಡಿ ಮಾಡೆಲ್ ಇವೆರಡನ್ನೂ ಸೇರಿಸಿ ಸರಾಸರಿ ತೆಗೆದು "ಏನೂ ಹರಿಯುತ್ತಿಲ್ಲ" ಅಂತ ಹೇಳಿಬಿಡುತ್ತದೆ. ಆಗ 3ಡಿ ಬೇಕೇ ಬೇಕು. ಮೇಲಿನ ಪದರಗಳನ್ನು ತೆಳ್ಳಗೆ ಇಡಿ.

ಹೆಜ್ಜೆ 6: ಗಡಿಗಳು

ಇಲ್ಲಿ ಅವಸರ ಬೇಡ.

ಮೊದಲು ಉಬ್ಬರವಿಳಿತ. ಸಮುದ್ರದ ಕಡೆಯ ಗಡಿಯನ್ನು ದ್ವೀಪಗಳಿಂದ ಚೆನ್ನಾಗಿ ಆಚೆ ಇಡಿ, ಕೊಲ್ಲಿಯ ಬಾಗಿಲಲ್ಲೇ ಇಡಬೇಡಿ. ಅಲ್ಲಿ ನೀರಿನ ಮಟ್ಟ ಹೇಗೆ ಏರಿಳಿಯುತ್ತದೆ ಅಂತ ಕೊಡಬೇಕು. ಉಪಗ್ರಹದ ಅಳತೆಯಿಂದ ತಯಾರಾದ ಟಿಪಿಎಕ್ಸ್‌ಒ, ಫೆಸ್ ಅನ್ನುವ ಜಾಗತಿಕ ಲೆಕ್ಕಗಳಿಂದ ಅದನ್ನು ತೆಗೆಯಬಹುದು. ಎಂ2, ಎಸ್2, ಕೆ1, ಒ1 ಅನ್ನುವ ನಾಲ್ಕು ಘಟಕಗಳು ಮುಖ್ಯ. ಮೊದಲೆರಡು ದಿನಕ್ಕೆ ಎರಡು ಸಲ ಏರುವವು, ಉಳಿದೆರಡು ದಿನಕ್ಕೊಮ್ಮೆ. ನಮ್ಮ ಕರಾವಳಿಯಲ್ಲಿ ಇವು ಮಿಶ್ರವಾಗಿರುವುದರಿಂದ ಒಂದೇ ದಿನದ ಎರಡು ಉಬ್ಬರಗಳು ಒಂದೇ ಎತ್ತರ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಕಾರವಾರದಲ್ಲಿ ಏರಿಳಿತ ಸುಮಾರು 2 ಮೀಟರ್, ಅಷ್ಟಮಿ ಹೊತ್ತಿಗೆ ಅದಕ್ಕಿಂತ ಬಹಳ ಕಡಿಮೆ. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದ ಹಾಗೆ ಇದು ಜಾಸ್ತಿಯಾಗುತ್ತದೆ. ಕೊಚ್ಚಿಯಲ್ಲಿ ಒಂದು ಮೀಟರ್ ಆಸುಪಾಸು ಇರುವುದು ಮುಂಬೈಗೆ ಬರುವಷ್ಟರಲ್ಲಿ ನಾಲ್ಕು ದಾಟುತ್ತದೆ.

ನನ್ನ ಮೊದಲ ದೊಡ್ಡ ತಪ್ಪು ಇಲ್ಲೇ ಆದದ್ದು. ಎಲ್ಲ ಸರಿ ಕೊಟ್ಟಿದ್ದೆ. ಏರಿಳಿತದ ಎತ್ತರ ಟೈಡ್ ಟೇಬಲ್‌ಗೆ (ಉಬ್ಬರವಿಳಿತದ ವೇಳಾಪಟ್ಟಿಗೆ) ಸರಿಯಾಗಿ ಕೂಡುತ್ತಿತ್ತು. ಆದರೆ ಟೇಬಲ್ ಉಬ್ಬರ ಅಂದಾಗ ನನ್ನ ಮಾಡೆಲ್ ಇಳಿತ ಅನ್ನುತ್ತಿತ್ತು. ಚಿಹ್ನೆ ಉಲ್ಟಾ ಆಗಿರಬೇಕು ಅಂದುಕೊಂಡು ಹತ್ತು ದಿನ ಹುಡುಕಿದೆ. ಗಡಿಯನ್ನು ದೂರ ಸರಿಸಿದೆ, ತಳದ ಒರಟುತನ ಬದಲಿಸಿದೆ, ಆಳ ಮತ್ತೆ ಪರೀಕ್ಷಿಸಿದೆ. ಒಂದು ರಾತ್ರಿ ಕರೆಂಟ್ ಹೋಗಿ ಮಾಳಿಗೆ ಮೇಲೆ ಮಲಗಿದ್ದಾಗ ಹೊಳೆಯಿತು. ಟೇಬಲ್ ನಮ್ಮ ಗಡಿಯಾರದ ಸಮಯದಲ್ಲಿದೆ, ಜಾಗತಿಕ ಲೆಕ್ಕ ಗ್ರೀನ್‌ವಿಚ್ ಸಮಯದಲ್ಲಿದೆ. ಐದೂವರೆ ಗಂಟೆ ವ್ಯತ್ಯಾಸ. ಎಂ2ನ ಅರ್ಧ ಸುತ್ತು 6.21 ಗಂಟೆ. ಹಾಗಾಗಿ ಭಾರತದಲ್ಲಿ ಈ ತಪ್ಪು ಮಾಡಿದರೆ ಸಮುದ್ರ ಹೆಚ್ಚುಕಮ್ಮಿ ಪೂರ್ತಿ ತಲೆಕೆಳಗಾಗುತ್ತದೆ! ನೋಡಲು ಚಿಹ್ನೆಯ ತಪ್ಪಿನ ಥರವೇ ಕಾಣುತ್ತದೆ. ಈಗ ನನ್ನ ಪ್ರತಿ ಫೈಲಿನ ಹೆಸರಿನಲ್ಲೇ ಯಾವ ಸಮಯ ಅಂತ ಇರುತ್ತದೆ.

ಪಕ್ಕದ ಎರಡು ಗಡಿಗಳಿಗೆ ಮಟ್ಟ ಕೊಡಬೇಡಿ, ದಡದ ಉದ್ದಕ್ಕೆ ಮಟ್ಟದ ಇಳಿಜಾರು ಕೊಡುವ ನಾಯ್ಮನ್ ಗಡಿ ಹಾಕಿ. ಇಲ್ಲದಿದ್ದರೆ ಮೂಲೆಗಳಲ್ಲಿ ಸುಳಿಗಳು ಹುಟ್ಟಿ ಕಾಡುತ್ತವೆ.

ನದಿ ಗಡಿ. ಕಾಳಿ ನದಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಡ್ಯಾಂಗಳಿವೆ. ಸಮುದ್ರಕ್ಕೆ ಹತ್ತಿರದ್ದು ಕದ್ರಾ. ಅದು ಕರೆಂಟಿಗಾಗಿ ನೀರು ಬಿಡುವ ಡ್ಯಾಂ, ಹಾಗಾಗಿ ಹರಿವು ಗಂಟೆಗೊಂದು ಥರ ಇರಬಹುದು. ತಿಂಗಳ ಸರಾಸರಿ ಕೊಟ್ಟರೆ ಅಳಿವೆಯ ಉಪ್ಪಿನಂಶ ಸರಿ ಬರುವುದು ಕಷ್ಟ, ಗಂಟೆಯ ಅಂಕಿ ಸಿಗದಿದ್ದರೆ ದಿನದ್ದಾದರೂ ಹುಡುಕಿ.

ಗಾಳಿಗೆ ಎಲ್ಲರೂ ಇರಾ5 ಅನ್ನುವ ಜಾಗತಿಕ ಹವಾಮಾನದ ಲೆಕ್ಕ ಬಳಸುತ್ತಾರೆ. ಗಂಟೆಗೊಂದು ಅಂಕಿ, ಆದರೆ ಒಂದು ಚೌಕ ಸುಮಾರು 30 ಕಿಲೋಮೀಟರ್. ಕಾರವಾರದಲ್ಲಿ ಅಷ್ಟರೊಳಗೆ ಸಮುದ್ರ, ಊರು, ಘಟ್ಟದ ಬುಡ ಎಲ್ಲ ಬಂದುಬಿಡುತ್ತವೆ. ಬೇಸಿಗೆ ಮಧ್ಯಾಹ್ನದ ಕಡಲಗಾಳಿ ಅದರಲ್ಲಿ ಮಂಕಾಗುತ್ತದೆ. ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ವೇಗ ಅರ್ಧ ಆದರೆ ಬಲ ಕಾಲುಭಾಗ ಆಗುತ್ತದೆ. ಊರಿನ ಹವಾಮಾನ ಕೇಂದ್ರದ ಅಂಕಿ ಸಿಕ್ಕರೆ ಜೊತೆಗಿಟ್ಟು ನೋಡಿ. ದಿಕ್ಕಿನ ವಿಷಯ: ನೈಋತ್ಯ ಗಾಳಿ ಅಂದರೆ ನೈಋತ್ಯದಿಂದ ಬರುವ ಗಾಳಿ. ಪ್ರವಾಹದ ದಿಕ್ಕು ಅಂದರೆ ನೀರು ಹೋಗುವ ದಿಕ್ಕು. ಇದರಲ್ಲಿ ತಪ್ಪು ಮಾಡದವರು ಯಾರೂ ಇಲ್ಲ.

ಉಪ್ಪಿನಂಶಕ್ಕೆ ಗಡಿಯಲ್ಲಿ 35 (ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು) ಕೊಡುತ್ತೇವೆ. ಇಳಿತದಲ್ಲಿ ಹೊರಗೆ ಹೋದ ಸಿಹಿನೀರು ಉಬ್ಬರ ಶುರುವಾದ ಕ್ಷಣವೇ 35 ಆಗಿ ಒಳಗೆ ಬಂದರೆ ಅದು ಮೋಸ. ಥ್ಯಾಚರ್-ಹಾರ್ಲೆಮನ್ ಅನ್ನುವ ಸೆಟ್ಟಿಂಗ್ ಇದೆ, ಹೋದ ನೀರು ನಿಧಾನಕ್ಕೆ ಸಮುದ್ರದ ನೀರಾಗಲು ಒಂದೆರಡು ಗಂಟೆ ಕೊಡುತ್ತದೆ. ಹಾಕಿ.

ಹೆಜ್ಜೆ 7: ಓಡಿಸಿ

ನೀರು ನಿಂತ ಸ್ಥಿತಿಯಿಂದ ಶುರು ಮಾಡಿದರೆ ಮೊದಲ ಎರಡು ಮೂರು ದಿನದ ಹರಿವನ್ನು ಬಿಸಾಕಿ. ಉಪ್ಪಿನಂಶ ನೆಲೆಗೊಳ್ಳಲು ಇನ್ನೂ ಜಾಸ್ತಿ ದಿನ ಬೇಕು, ಹೆಜ್ಜೆ 2ರಲ್ಲಿ ಸಿಕ್ಕ ಐದು ದಿನದ ಮೂರು ಪಟ್ಟಾದರೂ ಓಡಿಸಿ. ಅಮಾವಾಸ್ಯೆಯಿಂದ ಅಷ್ಟಮಿ ದಾಟಿ ಹುಣ್ಣಿಮೆವರೆಗಿನ ಸುತ್ತು 14.77 ದಿನ, ಅದು ಪೂರ್ತಿ ಬರಬೇಕು.

ಆಮೇಲೆ ನಮ್ಮ ಕಡೆಯ ಬೇಸಿಗೆ. ಲ್ಯಾಪ್‌ಟಾಪ್ ಕೆಳಗೆ ಗಾಳಿ ಆಡುವ ಹಾಗೆ ಎರಡು ಕಟ್ಟಿಗೆ ತುಂಡು ಇಡಿ, ರಾತ್ರಿ ಊಟ ಮುಗಿಸಿ ರನ್ ಹಾಕಿ ಮಲಗಿ. ಪ್ರತಿ ಒಂದು ದಿನದ ಲೆಕ್ಕಕ್ಕೆ ರೀಸ್ಟಾರ್ಟ್ ಫೈಲ್ ಬರೆಯಲು ಹೇಳಿಡಿ. ಕರೆಂಟ್ ಹೋದರೂ ಅಲ್ಲಿಂದ ಮುಂದುವರಿಸಬಹುದು.

ಹೆಜ್ಜೆ 8: ಅಳತೆಯ ಜೊತೆ ಜಗಳ ಹಚ್ಚಿ

ಬಣ್ಣಬಣ್ಣದ ವಿಡಿಯೋ ಯಾವ ಮಾಡೆಲ್ ಆದರೂ ಕೊಡುತ್ತದೆ, ತಪ್ಪು ಮಾಡೆಲ್ ಕೂಡ. ಹೋಲಿಸುವುದಕ್ಕೆ ಒಂದು ಕ್ರಮ ಇದೆ: ಮೊದಲು ನೀರಿನ ಮಟ್ಟ, ಆಮೇಲೆ ಪ್ರವಾಹ, ಆಮೇಲೆ ಉಪ್ಪು, ಕೊನೆಗೆ ಗುಣಮಟ್ಟ. ಮೊದಲನೆಯದು ಸರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ.

ಮಟ್ಟಕ್ಕೆ ಸರ್ವೆ ಆಫ್ ಇಂಡಿಯಾದ ಟೈಡ್ ಟೇಬಲ್ ಇದೆ. ಆದರೆ ಅದು ಮುನ್ಸೂಚನೆ, ಅಳತೆ ಅಲ್ಲ. ಬಂದರಿನ ನಿಜವಾದ ದಾಖಲೆ ಸಿಕ್ಕರೆ ಅದೇ ಬೇಕು. ವ್ಯತ್ಯಾಸ ಏರಿಳಿತದ ಹತ್ತನೇ ಒಂದು ಪಾಲಿನೊಳಗೆ ಬಂದರೆ ನಾನು ಮುಂದಕ್ಕೆ ಹೋಗುತ್ತೇನೆ. ಪ್ರವಾಹ ಇಷ್ಟು ಸುಲಭಕ್ಕೆ ಕೂಡುವುದಿಲ್ಲ. ತಳದ ಒರಟುತನಕ್ಕೆ ಮ್ಯಾನಿಂಗ್ ಸಂಖ್ಯೆ 0.02ರಿಂದ 0.03ರ ನಡುವೆ ಬದಲಿಸಿ ನೋಡಿ. 0.06 ಕೊಟ್ಟರೆ ಮಾತ್ರ ಕೂಡುತ್ತಿದೆ ಅಂದರೆ ತಪ್ಪು ಒರಟುತನದಲ್ಲಿಲ್ಲ, ಆಳದಲ್ಲೋ ಗಡಿಯಲ್ಲೋ ಇದೆ. ಅಂಥ ಸಂಖ್ಯೆ ಹಾಕಿ ತಪ್ಪು ಮುಚ್ಚಿಟ್ಟ ವರದಿಗಳನ್ನು ನಾನು ನೋಡಿದ್ದೇನೆ.

ಬೇಸಿಗೆ ಅಂಕಿ ಹಿಡಿದು ಸರಿಮಾಡಿದ ಮಾಡೆಲ್ಲನ್ನು, ಏನೂ ಬದಲಿಸದೆ, ಇನ್ನೊಂದು ತಿಂಗಳ ಅಂಕಿಗೆ ಹೋಲಿಸಿ. ಸ್ವಂತ ಅಳತೆಗೆ ದೋಣಿ ಇಳಿಸುವುದಾದರೆ ಮೊದಲು ಅನುಮತಿ ಕೇಳಿ, ಅದು ನೌಕಾನೆಲೆ ಇರುವ ಕರಾವಳಿ.

ಹೆಜ್ಜೆ 9: ನೀರಿನ ಗುಣಮಟ್ಟ

ಹರಿವಿನ ಫಲಿತಾಂಶವನ್ನು ಉಳಿಸಿಟ್ಟು ಗುಣಮಟ್ಟದ ಲೆಕ್ಕವನ್ನು ಅದರ ಮೇಲೆ ಪ್ರತ್ಯೇಕ ಓಡಿಸಬಹುದು. ರಾತ್ರಿಯಿಡೀ ತೆಗೆದುಕೊಂಡ ಹರಿವನ್ನು ಪ್ರತಿ ಸಲ ಮತ್ತೆ ಓಡಿಸುವ ತಲೆನೋವಿಲ್ಲ.

ಮೊದಲು ಬ್ಯಾಕ್ಟೀರಿಯಾ ಮಾಡಿ, ಸುಲಭ. ಶುದ್ಧೀಕರಿಸದ ಕೊಳಚೆಯ 100 ಮಿಲಿಲೀಟರಿನಲ್ಲಿ ಮಲದ ಕೋಲಿಫಾರ್ಮ್ ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ಇರುತ್ತದೆ. ಸ್ನಾನದ ಕಡಲನೀರಿಗೆ ನಮ್ಮ ದೇಶದ ಮಿತಿ 100. ಅಂದರೆ ಹತ್ತು ಸಾವಿರದಿಂದ ಲಕ್ಷ ಪಟ್ಟು ಕಡಿಮೆಯಾಗಬೇಕು. ಒಂದಷ್ಟು ಕಲೆಯುವುದರಿಂದ ಕಡಿಮೆಯಾಗುತ್ತದೆ, ಒಂದಷ್ಟು ಸಾಯುವುದರಿಂದ. ನೂರರಲ್ಲಿ ತೊಂಬತ್ತು ಸಾಯಲು ಬೇಕಾದ ಸಮಯಕ್ಕೆ ಟಿ90 ಅಂತಾರೆ. ಚುರುಕು ಬಿಸಿಲಿನಲ್ಲಿ ಕೆಲವೇ ಗಂಟೆ, ರಾತ್ರಿ ಅಥವಾ ಕದಡಿದ ನೀರಿನಲ್ಲಿ ಅದರ ಹಲವು ಪಟ್ಟು. 2.3ನ್ನು ಟಿ90ಯಿಂದ ಭಾಗಿಸಿದರೆ ಮಾಡೆಲ್ ಕೇಳುವ ದರ ಸಿಗುತ್ತದೆ. 6 ಗಂಟೆಗೆ ದಿನಕ್ಕೆ 9.2, 24 ಗಂಟೆಗೆ ದಿನಕ್ಕೆ 2.3. ಇಡೀ ದಿನಕ್ಕೆ ಒಂದೇ ದರ ಕೊಡಬೇಡಿ, ಬಿಸಿಲಿಗೆ ಕಟ್ಟಿ. ಮಧ್ಯರಾತ್ರಿ ಚರಂಡಿಯಿಂದ ಹೊರಟದ್ದು ಬೆಳಿಗ್ಗೆ ಆರಕ್ಕೆ ಬೀಚಿನಲ್ಲಿ ಜೀವಂತ ಇರುತ್ತದೆ, ಬೆಳಿಗ್ಗೆ ಸ್ನಾನಕ್ಕೆ ಬರುವವರು ಸಿಕ್ಕಿಬೀಳುವುದು ಅಲ್ಲೇ. ಸರಾಸರಿ ದರ ಕೊಟ್ಟ ಮಾಡೆಲ್‌ನಲ್ಲಿ ಇದು ಕಾಣುವುದಿಲ್ಲ.

ಆಮ್ಲಜನಕ ಸ್ವಲ್ಪ ಕಷ್ಟ. ಬಿಒಡಿ ಕರಗುತ್ತಾ ಆಮ್ಲಜನಕ ತಿನ್ನುತ್ತದೆ, ಮೇಲ್ಮೈಯಿಂದ ಗಾಳಿ ಅದನ್ನು ತುಂಬುತ್ತದೆ. ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ನದಿಗೆ ಬರೆದ ಲೆಕ್ಕದ ಮೊಮ್ಮಕ್ಕಳೇ ಇವತ್ತಿನ ಮಾಡೆಲ್‌ಗಳು. ಕರಗುವ ದರ 20 ಡಿಗ್ರಿಗೆ ದಿನಕ್ಕೆ 0.23 ಅಂತ ಪುಸ್ತಕದಲ್ಲಿರುತ್ತದೆ. ನಮ್ಮ ಸಮುದ್ರ 28 ಡಿಗ್ರಿ. ಪ್ರತಿ ಡಿಗ್ರಿಗೆ 1.047ರಿಂದ ಗುಣಿಸುತ್ತಾ ಹೋದರೆ 0.33 ಆಗುತ್ತದೆ. ಪುಸ್ತಕದ ಸಂಖ್ಯೆ ಹಾಗೇ ಹಾಕಬೇಡಿ. ಇನ್ನೊಂದು: 28 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಉಪ್ಪುನೀರು ಹಿಡಿಯುವುದು 6.4 ಮಾತ್ರ. ಸ್ನಾನದ ಕಡಲನೀರಿಗೆ 4 ಇರಬೇಕು ಅನ್ನುತ್ತದೆ ನಿಯಮ.

ಈಗ ಮತ್ತೆ ಗಡಿಗೆ ಬರೋಣ. ಸಮುದ್ರದ ಗಡಿಯಲ್ಲಿ ಆಮ್ಲಜನಕ ಎಷ್ಟು ಕೊಡುತ್ತೀರಿ? ವರ್ಷಪೂರ್ತಿ 6.4 ಅಂತ ಕೊಟ್ಟುಬಿಡುವುದು ಸುಲಭ, ಬಹಳ ಜನ ಹಾಗೇ ಮಾಡುತ್ತಾರೆ. ನಾನೂ ಮಾಡಿದ್ದೆ. ಆದರೆ ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ನೀರು ಮೇಲೇರಿ ದಡದ ಕಡೆ ಬರುತ್ತದೆ. ಆ ನೀರು ತಣ್ಣಗೆ, ಪೋಷಕಾಂಶ ಜಾಸ್ತಿ, ಆಮ್ಲಜನಕ ತೀರಾ ಕಡಿಮೆ. ಅದರ ಮೇಲೆ ಮಳೆ ಮತ್ತು ನದಿಗಳ ಸಿಹಿನೀರು ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ, ಗಾಳಿ ಕೆಳಗೆ ಇಳಿಯುವುದಿಲ್ಲ. ಮೇಲೆ ಪಾಚಿ ಬೆಳೆದು, ಸತ್ತು, ಕೆಳಗೆ ಬಿದ್ದು ಉಳಿದದ್ದನ್ನೂ ತಿನ್ನುತ್ತದೆ. ಮುಂಗಾರಿನ ಕೊನೆಗೆ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳದ ನೀರು ಉಸಿರುಗಟ್ಟಿದ ಸ್ಥಿತಿಯಲ್ಲಿರುತ್ತದೆ. ಆಗ ಕೊಲ್ಲಿಯ ತಳದಲ್ಲಿ ಅಳೆದ ಅಂಕಿ 2 ಬಂತು ಅಂತಿಟ್ಟುಕೊಳ್ಳಿ. ಗಡಿಯಲ್ಲಿ 6.4 ಇಟ್ಟ ಮಾಡೆಲ್ ಅದನ್ನು ತೋರಿಸಬೇಕಾದರೆ ಚರಂಡಿಯ ಹೊರೆಯನ್ನು ಹತ್ತಾರು ಪಟ್ಟು ಏರಿಸಬೇಕು. ಏರಿಸಿದರೆ ಗೆರೆ ಸುಂದರವಾಗಿ ಕೂಡುತ್ತದೆ. ಸಮುದ್ರ ತಂದ ತಪ್ಪನ್ನು ಊರಿನ ತಲೆಗೆ ಕಟ್ಟಿದ ಹಾಗಾಗುತ್ತದೆ, ಮುಂದೆ ಕೋಟಿಗಟ್ಟಲೆ ಖರ್ಚು ಮಾಡಿ ಶುದ್ಧೀಕರಣ ಘಟಕ ಕಟ್ಟಿದರೂ ಸೆಪ್ಟೆಂಬರ್‌ನಲ್ಲಿ ತಳದ ನೀರು ಸುಧಾರಿಸುವುದಿಲ್ಲ. ಗಡಿಯಲ್ಲಿ ತಿಂಗಳಿಗೊಂದು, ಆಳಕ್ಕೊಂದು ಆಮ್ಲಜನಕದ ಮೌಲ್ಯ ಕೊಡಿ. ಹಡಗಿನಲ್ಲಿ ಹೋಗಿ ಅಳೆದ ಪ್ರಬಂಧಗಳು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರದ್ದು ಸಿಗುತ್ತವೆ, ಓದಿ.

ಪೋಷಕಾಂಶ, ಪಾಚಿ, ತಳದ ಕೆಸರು, ಇವನ್ನು ಮೊದಲ ವರ್ಷ ಮುಟ್ಟಬೇಡಿ. ಬದಲಿಸಲು ಐವತ್ತು ಸಂಖ್ಯೆ ಇರುವ ಮಾಡೆಲ್ ಯಾವ ಅಳತೆಗೆ ಬೇಕಾದರೂ ಹೊಂದಿಕೊಳ್ಳುತ್ತದೆ.

ಹೆಜ್ಜೆ 10: ಗೋಡೆಗೆ ಅಂಟಿಸಿದ ಪ್ರಶ್ನೆಗೆ ಉತ್ತರ

ಚರಂಡಿಯ ಬಾಯಿ ದಡದಲ್ಲೇ ಇದ್ದರೆ ಏನು, ಪೈಪ್ ಹಾಕಿ 800 ಮೀಟರ್ ಒಳಗೆ ಬಿಟ್ಟರೆ ಏನು, ಎರಡು ರನ್ ಮಾಡಿ. ಗಾಳಿ, ನದಿ, ಉಬ್ಬರ, ದರ ಎಲ್ಲ ಒಂದೇ ಇರಲಿ, ಬದಲಾಗುವುದು ಪೈಪಿನ ತುದಿ ಮಾತ್ರ. ಎರಡರ ವ್ಯತ್ಯಾಸದ ನಕ್ಷೆ ಮಾಡಿ. ಒಂದೇ ಮಾಡೆಲ್‌ನ ಎರಡು ರನ್‌ಗಳ ವ್ಯತ್ಯಾಸವನ್ನು ಒಂದು ರನ್‌ನ ಅಂಕಿಗಿಂತ ಜಾಸ್ತಿ ನಂಬಬಹುದು, ಎರಡರಲ್ಲೂ ಇರುವ ಒಂದೇ ಥರದ ತಪ್ಪು ಬಹುಪಾಲು ಹೊಡೆದುಹೋಗುತ್ತದೆ.

ಫಲಿತಾಂಶವನ್ನು ಸರಾಸರಿಯಲ್ಲಿ ಕೊಡಬೇಡಿ. ಹದಿನೈದು ದಿನದ 360 ಗಂಟೆಯಲ್ಲಿ ಬೀಚಿನ ನೀರು 100ರ ಮಿತಿ ದಾಟಿದ್ದು ಎಷ್ಟು ಗಂಟೆ, ಅದರಲ್ಲಿ ಬೆಳಿಗ್ಗೆ ಐದರಿಂದ ಒಂಬತ್ತರ ನಡುವೆ ಎಷ್ಟು ಅಂತ ಎಣಿಸಿ. ಆಮೇಲೆ ಟಿ90ಯನ್ನು ಎರಡು ಪಟ್ಟು ಮಾಡಿ, ಗಾಳಿಯನ್ನು ಒಂದೂವರೆ ಪಟ್ಟು ಮಾಡಿ, ಇವೆರಡೇ ರನ್‌ಗಳನ್ನು ಮತ್ತೆ ಓಡಿಸಿ. ಆಗಲೂ ಉದ್ದದ ಪೈಪೇ ಗೆದ್ದರೆ ವರದಿ ಬರೆಯಿರಿ. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಅದನ್ನೂ ಹಾಗೇ ಬರೆಯಿರಿ, ಯಾವ ಗಾಳಿಯಲ್ಲಿ, ಯಾವ ತಿಂಗಳಲ್ಲಿ ಅಂತ ಸೇರಿಸಿ.